‘ನೋಡಮ್ ತಗೋರಿ’ ಅಂದರೆ ಹೌದೋ, ಅಲ್ಲವೋ? ಕಲಬುರಗಿ ಕಡೆಯ ವ್ಯವಹಾರದ ಮಾತುಕತೆಗೊಂದು ಕೈಪಿಡಿ

ಕಲಬುರಗಿಯ ದಾಲ್ ಮಿಲ್ ಮಾಲೀಕರು ಫೋನಿನಲ್ಲಿ ‘ಆಯ್ತ್ರಿ, ನೋಡಮ್ ತಗೋರಿ’ ಅನ್ನುತ್ತಾರೆ. ಬೆಂಗಳೂರಿನ ಖರೀದಿ ಮ್ಯಾನೇಜರ್ ‘ಆಯ್ತು’ ಅನ್ನುವುದನ್ನಷ್ಟೇ ಹಿಡಿದುಕೊಂಡು ಆರ್ಡರ್ ಕಳಿಸಿಬಿಡುತ್ತಾರೆ. ಮಾಲೀಕರ ಲೆಕ್ಕದಲ್ಲಿ ಆ ಮಾತಿಗೆ ಅರ್ಥ ಬೇರೆ: ನಿಮ್ಮ ಮಾತು ಕಿವಿಗೆ ಬಿತ್ತು, ರೇಟು ಮನಸ್ಸಿಗೆ ಬರಲಿಲ್ಲ, ಮುಖದ ಮೇಲೆ ಇಲ್ಲ ಅನ್ನಲು ನಾಲಿಗೆ ಬರುತ್ತಿಲ್ಲ. ನಾಲ್ಕು ದಿನವಾದರೂ ಲಾರಿ ಹೊರಡುವುದಿಲ್ಲ. ಆಮೇಲೆ ಒಬ್ಬರು ‘ಮಾತಿಗೆ ತಪ್ಪಿದರು’ ಅನ್ನುತ್ತಾರೆ, ಇನ್ನೊಬ್ಬರು ‘ನಾ ಮಾತು ಕೊಟ್ಟಿದ್ದೆ ಎಲ್ಲಿ’ ಅನ್ನುತ್ತಾರೆ. ಇಬ್ಬರದೂ ನಿಜವೇ.

ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಕುಳಿತು ಹೊರಗಿನವರೊಡನೆ ರೇಟು, ಪಗಾರ (ಸಂಬಳ), ಗುತ್ತಿಗೆ, ಸೂಟಿ (ರಜೆ) ಮಾತಾಡುವವರಿಗೂ, ಹೊರಗಿನಿಂದ ಇಲ್ಲಿಗೆ ಬಂದು ಇದೇ ಮಾತಾಡುವವರಿಗೂ ಈ ಬರಹ. ಇಲ್ಲಿ ಮಾತುಕತೆ ಮುರಿಯುವುದು ಮೊತ್ತದ ಮೇಲೆ ಕಡಿಮೆ. ಎದುರಿನವರ ಮಾತಿನ ಧಾಟಿಯನ್ನು ಅವರ ಸ್ವಭಾವವೆಂದು ಓದಿಕೊಂಡಾಗಲೇ ಹೆಚ್ಚು ಮುರಿಯುತ್ತದೆ. ನೇರವಾಗಿ ಮಾತಾಡಿದವರು ‘ಸೊಕ್ಕಿನವರು’ ಆಗುತ್ತಾರೆ, ಸುತ್ತಿ ಬಳಸಿ ಮಾತಾಡಿದವರು ‘ನಂಬಿಕೆಗೆ ತಕ್ಕವರಲ್ಲ’ ಆಗುತ್ತಾರೆ. ಅಲ್ಲಿಂದ ಮುಂದೆ ಒಳ್ಳೆಯ ರೇಟು ಕೊಟ್ಟರೂ ಅನುಮಾನವೇ.

ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಟಿ. ಹಾಲ್ 1976ರಲ್ಲಿ ಇದಕ್ಕೊಂದು ಚೌಕಟ್ಟು ಕೊಟ್ಟರು. ಕೆಲವು ಸಮಾಜಗಳಲ್ಲಿ ಅರ್ಥವೆಲ್ಲ ಆಡಿದ ಮಾತಿನಲ್ಲೇ ಇರುತ್ತದೆ. ಇನ್ನು ಕೆಲವು ಕಡೆ ಅರ್ಥದ ಬಹುಪಾಲು ಯಾರು, ಯಾರ ಎದುರು, ಯಾವಾಗ, ಯಾವ ದನಿಯಲ್ಲಿ ಆಡಿದರು ಎಂಬುದರಲ್ಲಿ ಇರುತ್ತದೆ. ನಮ್ಮ ಗಂಜ್, ಅಂದರೆ ದವಸದ ಮಾರುಕಟ್ಟೆ, ಎರಡನೆಯ ಬಗೆಯದು, ಕಂಪನಿಗಳ ಈಮೇಲ್ ಮೊದಲನೆಯದು. ನೆದರ್‌ಲ್ಯಾಂಡ್ಸ್‌ನ ಸಂಶೋಧಕ ಹೋಫ್‌ಸ್ಟೆಡ್ ದೇಶಗಳಿಗೆ ಅಂಕವನ್ನೂ ಕೊಟ್ಟರು, ಮೇಲುಕೀಳಿನ ಅಂತರದಲ್ಲಿ ಭಾರತಕ್ಕೆ 77. ತರಬೇತಿಗಳಲ್ಲಿ ಈ ಅಂಕವನ್ನು ಗಾಯತ್ರಿ ಮಂತ್ರದ ಹಾಗೆ ಹೇಳುವುದುಂಟು. ಆದರೆ ಅದರ ಬುನಾದಿ ಐಬಿಎಂ ನೌಕರರ ಸಮೀಕ್ಷೆ. ಕಲಬುರಗಿ ನೆಹರು ಗಂಜ್‌ನಲ್ಲಿ ಲೆಕ್ಕ ಬರೆಯುವ ಮುನೀಮರನ್ನು ಯಾರೂ ಕೇಳಿರಲಿಲ್ಲ. ಆದ್ದರಿಂದ ಅಂಕ ಪಕ್ಕಕ್ಕಿಡಿ. ಊರು, ಜಾತಿ, ಭಾಷೆ ನೋಡಿ ಧಾಟಿ ಊಹಿಸುವುದನ್ನೂ ಪಕ್ಕಕ್ಕಿಡಿ. ಎದುರಿನವರು ಮೊದಲ ಹತ್ತು ನಿಮಿಷದಲ್ಲಿ ಸಣ್ಣದೊಂದು ವಿಷಯಕ್ಕೆ ‘ಇಲ್ಲ’ವನ್ನು ಹೇಗೆ ಹೇಳಿದರು, ಅದನ್ನು ಗಮನಿಸಿ. ದೊಡ್ಡ ವಿಷಯಕ್ಕೂ ಹಾಗೆಯೇ ಹೇಳುತ್ತಾರೆ.

‘ಇಲ್ಲ’ ಅನ್ನದೆ ಇಲ್ಲ ಅನ್ನುವ ಬಗೆ

ಈ ಭಾಗದಲ್ಲಿ 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ನಿಜಾಮರ ಆಡಳಿತ, ಉರ್ದು ಕಚೇರಿ ಭಾಷೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರ್ಪಡೆ. ಒಂದೇ ಅಂಗಡಿಯಲ್ಲಿ ಕನ್ನಡ, ದಖನಿ ಉರ್ದು, ಬೀದರ್ ಕಡೆಗೆ ಮರಾಠಿ, ಗುರುಮಠಕಲ್ ಕಡೆಗೆ ತೆಲುಗು, ತಾಂಡಾದಿಂದ ಬಂದವರ ಲಂಬಾಣಿ. ಇಷ್ಟು ಭಾಷೆಯ ನಡುವೆ ವ್ಯವಹಾರ ಮಾಡುವವರು ನಿರಾಕರಣೆಗೆ ನಯವಾದ ದಾರಿಗಳನ್ನು ಕಂಡುಕೊಂಡಿದ್ದಾರೆ. ದಿನಾ ಕಿವಿಗೆ ಬೀಳುವ ಕೆಲವನ್ನು ಬಿಡಿಸಿ ನೋಡೋಣ.

‘ನೋಡಮ್ ತಗೋರಿ’: ದಿನಾಂಕ ಜೊತೆಗಿಲ್ಲದಿದ್ದರೆ ಬಹುತೇಕ ಇಲ್ಲ. ‘ಸೋಮವಾರ ನೋಡಮ್’ ಅಂದರೆ ಬಾಗಿಲು ತೆರೆದಿದೆ.

‘ಮನ್ಯಾಗ ಕೇಳಿ ಹೇಳ್ತೀನ್ರಿ’, ‘ಅಣ್ಣನ್ನ ಕೇಳಬೇಕ್ರಿ’: ಇದಕ್ಕೆ ಎರಡು ಅರ್ಥ. ಕೂಡು ಕುಟುಂಬದ ಮಿಲ್ಲಿನಲ್ಲಿ ನಿಜವಾಗಿಯೂ ಅಣ್ಣನನ್ನು ಕೇಳಬೇಕಾಗಿರುತ್ತದೆ. ಇಲ್ಲವಾದರೆ ಅಣ್ಣನ ಹೆಸರಿನಲ್ಲಿ ಬರಲಿರುವ ಇಲ್ಲ. ಪತ್ತೆಗೆ ಒಂದೇ ಪ್ರಶ್ನೆ ಸಾಕು: ‘ಅಣ್ಣಾವ್ರು ಏನು ಕೇಳಬಹುದ್ರಿ? ಅದಕ್ಕ ಈಗೇ ಲೆಕ್ಕ ಕೊಡ್ತೀನಿ.’ ನಿಜವಾಗಿ ಕೇಳುವವರು ಅಣ್ಣನ ಪ್ರಶ್ನೆಯನ್ನು ಥಟ್ಟನೆ ಹೇಳುತ್ತಾರೆ. ನೆಪವಾದರೆ ಮಾತು ಮಳೆಗೋ ತೊಗರಿಯ ಬೆಳೆಗೋ ಹೊರಳುತ್ತದೆ.

‘ನಿಮಗ ನಾವು ಬ್ಯಾರೆಯವ್ರೇನ್ರಿ?’: ಪ್ರೀತಿಯ ಮಾತಿನ ಹಾಗೆ ಕೇಳುತ್ತದೆ, ಆದರೆ ಇದು ದೂರು. ನೀವು ಹೇಳಿದ್ದು ಗುರುತಿಲ್ಲದವರಿಗೆ ಹೇಳುವ ರೇಟು ಎಂಬ ಅರ್ಥ.

‘ಪರ್ಸೋಂ’: ದಖನಿಯಲ್ಲಿ ಇದರ ವ್ಯಾಪ್ತಿ ದೊಡ್ಡದು. ಮೊನ್ನೆಯೂ ಆಗಬಹುದು, ಕಳೆದ ವರ್ಷವೂ ಆಗಬಹುದು. ‘ಪರ್ಸೋಂ ಪೇಮೆಂಟ್ ಆಗಿದೆ’ ಎಂಬ ಮಾತು ಕೇಳಿ ಬ್ಯಾಂಕ್ ಖಾತೆ ನೋಡುತ್ತ ಕೂರಬೇಡಿ, ತಾರೀಖು ಕೇಳಿ.

ಇನ್ನು ‘ರೀ’. ಕಲಬುರಗಿಯಲ್ಲಿ ‘ಏನ್ರಿ’, ‘ಬರ್ರಿ’, ‘ಕೊಡ್ರಿ’ ಮರ್ಯಾದೆಯ ಮಾತು. ಆ ರಿ ಬಿದ್ದುಹೋದರೇ ಅವಮಾನ. ಬೆಂಗಳೂರಿನಲ್ಲಿ ಎಳೆದು ಹೇಳಿದ ‘ಏನ್ರೀ’ ಜಗಳಕ್ಕೆ ಮುನ್ನುಡಿ. ‘ಪೇಮೆಂಟ್ ಯಾವಾಗ ಮಾಡ್ತೀರಿ, ಹೇಳ್ರಿ’ ಎಂದು ಇಲ್ಲಿಯ ಅಕೌಂಟೆಂಟ್ ಕೈಮುಗಿಯುವ ದನಿಯಲ್ಲೇ ಹೇಳಿದರೂ ಅಲ್ಲಿಯ ಕಿವಿಗೆ ತಗಾದೆಯಾಗಿ ಬೀಳುತ್ತದೆ. ದಕ್ಷಿಣದವರೊಡನೆ ಫೋನಿನಲ್ಲಿ ಮಾತಾಡುವಾಗ ಮೊದಲಿಗೊಂದು ‘ಸರ್’ ಅಥವಾ ‘ಮೇಡಂ’, ಕೊನೆಗೊಂದು ‘ತಿಳಿಸ್ತೀರಾ’ ಸೇರಿಸಿದರೆ ಸಾಕು. ಭಾಷೆ ಬದಲಿಸಿಕೊಳ್ಳಬೇಕಿಲ್ಲ, ಬೆಂಗಳೂರು ಕನ್ನಡ ಆಡಲು ಹೋಗಿ ತೊದಲಿದರೆ ರೇಟಿನ ಹಿಡಿತವೂ ತಪ್ಪುತ್ತದೆ. ಅಲ್ಲಿಂದ ಬಂದವರಿಗೂ ಇಷ್ಟೇ: ಗುಮಾಸ್ತರಾಗಲಿ ಹಮಾಲರಾಗಲಿ, ವಯಸ್ಸಾದವರನ್ನು ‘ಕಾಕಾ’ ಅನ್ನಿ, ಮಾತಿಗೆ ರಿ ಹಚ್ಚಿ. ಸಿಬ್ಬಂದಿಯನ್ನು ಹೆಸರು ಹಿಡಿದು ಕರೆಯುವ ಕಂಪನಿ ಪದ್ಧತಿ ಅವರ ಮಕ್ಕಳ ಎದುರಿಗಾದರೂ ಬೇಡ.

ಒಂದು ರೇಟಿನ ಮಾತು, ಸಾಲು ಸಾಲಾಗಿ

ಬೇಳೆಯ ನಗದು ರೇಟು ಕ್ವಿಂಟಲಿಗೆ 10,000 ಇದೆ ಅಂದುಕೊಳ್ಳಿ. ಲೆಕ್ಕ ಸುಲಭವಾಗಲಿ ಎಂದು ಇಟ್ಟ ಅಂಕಿ, ಇವತ್ತಿನ ಧಾರಣೆಯಲ್ಲ.

‘ಸರ್, 9,800 ಮಾಡ್ಕೊಡಿ. ಪೇಮೆಂಟ್ 60 ದಿನ. ಇದು ನಮ್ಮ ಫೈನಲ್.’

‘ಏನ್ರಿ ಸರ್, ನಿಮಗ ನಾವು ಬ್ಯಾರೆಯವ್ರೇನ್ರಿ. ನೋಡಮ್ ತಗೋರಿ.’

‘ಹಾಗಾದ್ರೆ ಕನ್ಫರ್ಮ್ ಅಂತ ತಗೊಳ್ಳಲಾ?’

‘ಮಾಲು ಛಲೋ ಅದರಿ. ಹೋದ ವರ್ಷ ಕಂಪ್ಲೇಂಟ್ ಬಂದಿತ್ತೇನ್ರಿ?’

ಖರೀದಿದಾರರ ತಲೆಯಲ್ಲಿ ತಾವು ಕೇಳಿದ್ದು 200 ರೂಪಾಯಿ ಇಳಿಕೆ. ಮಾಲೀಕರ ತಲೆ ಬೇರೆಯೇ ಲೆಕ್ಕ ಹಾಕಿ ಮುಗಿಸಿದೆ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿಯಂತೆ 10,000ಕ್ಕೆ ತಿಂಗಳಿಗೆ 100. ಎರಡು ತಿಂಗಳಿಗೆ ಹತ್ತಿರಹತ್ತಿರ 200. ಅಂದರೆ ಅವರು ಕೇಳಿಸಿಕೊಂಡದ್ದು 9,600. ಅದರ ಮೇಲೆ ಮೊದಲ ಮಾತಿನಲ್ಲೇ ‘ಫೈನಲ್’ ಬಂದಿದೆ. ಗಂಜ್‌ನಲ್ಲಿ ಆ ಪದ ಮೂರನೆಯ ಸುತ್ತಿಗೆ ಮೊದಲು ಬಂದರೆ ಎದುರಿನವರಿಗೆ ಮಾತಾಡಲು ಇಷ್ಟವಿಲ್ಲ ಎಂದೇ ಅರ್ಥ. ಮೂರನೆಯ ಸಾಲಿನಲ್ಲಿ ಹೌದು ಅಲ್ಲ ಎಂದು ನೇರ ಕೇಳಿದ್ದಕ್ಕೆ ಉತ್ತರ ಬರಲಿಲ್ಲ, ಮಾಲಿನ ಗುಣಮಟ್ಟದ ಮಾತು ಬಂತು. ಅದೇ ಉತ್ತರ. ‘ಇಲ್ಲ’ ಹೇಳಿಯಾಯಿತು, ಫೋನಿನ ಆ ಕಡೆ ಯಾರೂ ಬರೆದುಕೊಳ್ಳಲಿಲ್ಲ.

ಸರಿಪಡಿಸಬೇಕಾದವರು ಖರೀದಿದಾರರಾದರೆ: ‘ಕನ್ಫರ್ಮಾ’ ಎಂದು ಮತ್ತೆ ಕೇಳಬೇಡಿ, ಎರಡನೆಯ ಸಲ ಕೇಳಿದರೆ ಬರುವ ‘ಆಯ್ತ್ರಿ’ಗೆ ಬೆಲೆಯಿಲ್ಲ. ಎರಡು ದಾರಿ ಮುಂದಿಡಿ. ‘10,000, 30 ದಿನ. ಇಲ್ಲಾಂದ್ರೆ 9,900, ಮಾಲು ಇಳಿದ ವಾರದೊಳಗೆ ದುಡ್ಡು. ಯಾವುದು ನಿಮಗೆ ಅನುಕೂಲ?’ ಹೌದು–ಅಲ್ಲ ಎಂಬ ಪ್ರಶ್ನೆಯಲ್ಲಿ ಒಬ್ಬರ ಮುಖ ಸಣ್ಣದಾಗುತ್ತದೆ. ಯಾವುದು ಎಂಬ ಪ್ರಶ್ನೆಯಲ್ಲಿ ಆಗುವುದಿಲ್ಲ. ಈ ಎರಡು ದಾರಿಗಳು ಮಾಲೀಕರ ಬಡ್ಡಿಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಸರಿಸಮ ಬರುವಂತೆ ಇಡಬೇಕು. ಒಂದು ಕಣ್ಣಿಗೆ ರಾಚುವಷ್ಟು ಕೆಟ್ಟದಿದ್ದರೆ ಅದೂ ಒಂದು ಬಗೆಯ ‘ಫೈನಲ್’ ಎಂದು ಅವರಿಗೆ ತಿಳಿಯುತ್ತದೆ.

ಮಾಲೀಕರಾದರೆ: ಲೆಕ್ಕ ಹೊರಗೆ ಹಾಕಿ. ‘ಸರ್, 60 ದಿನ ಅಂದ್ರ ನನಗ 9,600 ಬೀಳ್ತದ್ರಿ’ ಎಂದು ಒಂದು ಸಾಲು. ಎದುರಿನವರು ಆ ಬಡ್ಡಿಯನ್ನು ಲೆಕ್ಕಕ್ಕೇ ಹಿಡಿದಿರುವುದಿಲ್ಲ, ಬಹಳ ಸಲ ಅಲ್ಲೇ ದಾರಿ ಸಡಿಲಾಗುತ್ತದೆ. ಕಾನೂನೂ ನಿಮ್ಮ ಕಡೆಗಿದೆ. ಸರ್ಕಾರದ ‘ಉದ್ಯಮ’ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ತಯಾರಿಕಾ ಘಟಕಕ್ಕೆ ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ, ಬರಹದ ಒಪ್ಪಂದವಿದ್ದರೂ ಮಾಲು ಸ್ವೀಕರಿಸಿದ 45 ದಿನದೊಳಗೆ ಹಣ ಕೊಡಬೇಕು. ಬರಹವಿಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. 2024-25ರ ಅಸೆಸ್‌ಮೆಂಟ್ ವರ್ಷದಿಂದ, ಈ ಗಡುವು ಮೀರಿ ಉಳಿಸಿಕೊಂಡ ಮೊತ್ತವನ್ನು ಖರೀದಿದಾರರು ಪಾವತಿಸುವ ವರ್ಷದವರೆಗೂ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸುವಂತಿಲ್ಲ. ಬರೀ ಕೊಂಡು ಮಾರುವ ವ್ಯಾಪಾರಿಗೆ ಈ ರಕ್ಷಣೆ ಸಿಗುವುದಿಲ್ಲ, ಆದ್ದರಿಂದ ನೋಂದಣಿ ಪತ್ರದಲ್ಲಿ ನಿಮ್ಮದು ತಯಾರಿಕೆ ಎಂದಿದೆಯೋ ವ್ಯಾಪಾರ ಎಂದಿದೆಯೋ ಮೊದಲು ನೋಡಿಕೊಳ್ಳಿ.

ಆದರೆ ಕಾಯ್ದೆಯ ಹೆಸರೆತ್ತಿದ ಕೂಡಲೇ ಮಾತು ಕೋರ್ಟಿನ ದನಿಗೆ ತಿರುಗುತ್ತದೆ. ನಮ್ಮ ಊರಿನ ಹಳೆಯ ಉಪಾಯ ಇಲ್ಲಿ ಕೆಲಸಕ್ಕೆ ಬರುತ್ತದೆ, ಮೂರನೆಯವರ ಹೆಸರಿನಲ್ಲಿ ಹೇಳುವುದು. ‘ನಮ್ಮ ಸಿಎ 45 ದಿನದ ಮ್ಯಾಲ ಬ್ಯಾಡ ಅಂತಾರ್ರಿ. ನಿಮ್ಮ ಟ್ಯಾಕ್ಸಿಗೂ ತ್ರಾಸ ಆಗ್ತದಂತ.’ ಕಂಪನಿಯವರಿಗೆ ಇದು ಅರ್ಥವಾಗುತ್ತದೆ, ಅವರೂ ‘ಫೈನಾನ್ಸ್ ಒಪ್ಪಲ್ಲ’ ಎಂದು ಇದನ್ನೇ ಮಾಡುತ್ತಾರೆ.

ಸುಮ್ಮನಿರುವುದು, ಮತ್ತು ವಿಡಿಯೊ ಕಾಲ್

2009ರಲ್ಲಿ ಹತ್ತು ಭಾಷೆಗಳ ಸಂಭಾಷಣೆ ಅಳೆದ ಅಧ್ಯಯನವೊಂದರಲ್ಲಿ ಒಬ್ಬರ ಪ್ರಶ್ನೆಗೂ ಇನ್ನೊಬ್ಬರ ಉತ್ತರಕ್ಕೂ ನಡುವಿನ ಅಂತರ ಸರಾಸರಿ 200 ಮಿಲಿಸೆಕೆಂಡಿನ ಸುತ್ತ ಬಂತು, ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ಭಾಷೆಯಿಂದ ಭಾಷೆಗೆ ಸಣ್ಣ ವ್ಯತ್ಯಾಸವಿತ್ತು, ಆ ಹತ್ತರಲ್ಲಿ ಕನ್ನಡ ಇರಲಿಲ್ಲ. ಇಷ್ಟು ಕಿರಿದಾದ ಅಂತರವನ್ನು ನಮ್ಮ ಕಿವಿ ತೂಗುತ್ತಿರುತ್ತದೆ. ಅದು ಸ್ವಲ್ಪ ಹಿಗ್ಗಿದರೂ ‘ಒಪ್ಪಿಗೆಯಿಲ್ಲ’ ಅನಿಸುತ್ತದೆ. ನೆಟ್‌ವರ್ಕ್ ಕುಂಟುತ್ತಿರುವಾಗ ಆಳಂದದಿಂದಲೋ ಶಹಾಪುರದಿಂದಲೋ ಮಾಡಿದ ವಿಡಿಯೊ ಕಾಲ್‌ನಲ್ಲಿ ದನಿ ತಡವಾಗಿ ತಲುಪುತ್ತದೆ. ಆ ತಡವನ್ನು ಆ ಕಡೆಯವರು ಹಿಂಜರಿಕೆ ಎಂದು ಓದಿಕೊಂಡು, ಕೇಳದೆಯೇ ಇನ್ನೊಂದಿಷ್ಟು ರೇಟು ಏರಿಸುವುದೂ ಇದೆ, ಸಿಟ್ಟಾಗುವುದೂ ಇದೆ.

ಹಾಗಾಗಿ ಮೊತ್ತದ ಮಾತು ಬಂದಾಗ ವಿಡಿಯೊ ಆರಿಸಿ, ಬರೀ ಫೋನ್ ಕಾಲ್‌ಗೆ ಬನ್ನಿ. ಅಂಕಿ ಹೇಳಿದ ಮೇಲೆ ಮನಸ್ಸಿನಲ್ಲೇ ಮೂರರವರೆಗೆ ಎಣಿಸಿ, ಆಮೇಲೆ ಬೇಕಾದರೆ ‘ಕೇಳಸ್ತದೇನ್ರಿ?’ ಅನ್ನಿ. ನೀವೇ ಯೋಚಿಸಬೇಕಾದರೆ ಸುಮ್ಮನಿರಬೇಡಿ, ‘ಒಂದು ನಿಮಿಷ್ರಿ, ಲೆಕ್ಕ ಹಾಕ್ತೀನಿ’ ಎಂದು ಬಾಯಿಬಿಟ್ಟು ಹೇಳಿ. ಎದುರಾಎದುರು ಕೂತಾಗ ಈ ತೊಂದರೆಯಿಲ್ಲ. ಅಲ್ಲಿ ಸುಮ್ಮನಿರುವುದಕ್ಕೆ ಚಹಾ ಇದೆ.

ಪಗಾರದ ಮಾತು

ಇಲ್ಲಿ ಓದಿದ ಹುಡುಗ ಹುಡುಗಿಯರು ಸಂದರ್ಶನದಲ್ಲಿ ಕಳೆದುಕೊಳ್ಳುವುದು ಒಂದೇ ವಾಕ್ಯದಿಂದ: ‘ನೀವೇ ನೋಡಿ ಮಾಡ್ರಿ ಸರ್.’ ಮನೆಯಲ್ಲಿ ಕಲಿಸಿದ ಮರ್ಯಾದೆ ಅದು. ಹಿರಿಯರ ಮುಂದೆ ದುಡ್ಡಿನ ಮಾತೆತ್ತಬಾರದು, ಹಿರಿಯರಾದವರು ಕಡಿಮೆ ಕೊಡಬಾರದು. ಎರಡು ಕಡೆಯ ಹೊಣೆ ಅದರಲ್ಲಿದೆ. ಎಚ್‌ಆರ್ ಕಿವಿಗೆ ಮೊದಲ ಅರ್ಧ ಮಾತ್ರ ಬೀಳುತ್ತದೆ. ಅವರ ಕೈಯಲ್ಲಿ ಒಂದು ಹುದ್ದೆಗೆ ಕೆಳಗಿನ ಮತ್ತು ಮೇಲಿನ ಮಿತಿಯ ಅಂಕಿಗಳಿರುತ್ತವೆ. ಅಭ್ಯರ್ಥಿ ಏನೂ ಹೇಳದಿದ್ದರೆ ಕೆಳಗಿನದೇ ಕಾಗದಕ್ಕೆ ಬರುತ್ತದೆ, ಜೊತೆಗೆ ‘ಆತ್ಮವಿಶ್ವಾಸ ಸಾಲದು’ ಎಂಬ ಟಿಪ್ಪಣಿಯೂ ಬೀಳಬಹುದು.

ಮರ್ಯಾದೆ ಬಿಡಬೇಕಿಲ್ಲ, ಅದರ ಬೆನ್ನಿಗೆ ಅಂಕಿ ಕಟ್ಟಿ. ‘ನೀವು ಹಿರಿಯರು, ನೀವೇ ನೋಡ್ರಿ ಸರ್. ನನ್ನ ಲೆಕ್ಕದಾಗ ಕೈಗೆ 28,000 ಬಂದ್ರ ಸರಿ ಆಗ್ತದ.’ ಈ ‘ಕೈಗೆ’ ಎಂಬ ಪದ ಬಿಡಬೇಡಿ. ವರ್ಷಕ್ಕೆ 3.6 ಲಕ್ಷ ಸಿಟಿಸಿ (ಕಂಪನಿ ನಿಮ್ಮ ಮೇಲೆ ಮಾಡುವ ಒಟ್ಟು ಖರ್ಚು) ಅಂದರೆ ತಿಂಗಳಿಗೆ 30,000 ಬರುತ್ತದೆಂದು ಮನೆಯವರಿಗೆ ಹೇಳಿಬಿಟ್ಟವರು ಮೊದಲ ತಿಂಗಳು ಪೇಚಿಗೆ ಸಿಕ್ಕುತ್ತಾರೆ. ಬೇಸಿಕ್ 15,000 ಇದ್ದರೆ ಕಂಪನಿಯ ಪಾಲಿನ ಪಿಎಫ್ 12 ಪರ್ಸೆಂಟ್, 1,800. ಗ್ರಾಚ್ಯುಟಿಗೆಂದು ಬೇಸಿಕ್‌ನ 4.81 ಪರ್ಸೆಂಟ್, ಸುಮಾರು 722. ಇವೆರಡೂ ಸಿಟಿಸಿ ಒಳಗೇ ಸೇರಿರುತ್ತವೆ. ಉಳಿದ 27,478ರಲ್ಲಿ ನಿಮ್ಮ ಪಾಲಿನ ಪಿಎಫ್ ಇನ್ನೊಂದು 1,800, ವೃತ್ತಿ ತೆರಿಗೆ 200. ಕೈಗೆ ಬರುವುದು 25,478. ಸಿಟಿಸಿಯ ಮಾತಾಡುವವರೊಡನೆ ಕೈಗೆ ಬರುವ ಮಾತಾಡಿದರೆ ತಿಂಗಳಿಗೆ ನಾಲ್ಕೂವರೆ ಸಾವಿರದ ಅಂತರದಲ್ಲಿ ಇಬ್ಬರೂ ಬೇರೆ ಬೇರೆ ವಿಷಯ ಮಾತಾಡುತ್ತಿರುತ್ತೀರಿ.

ಕಡೇಚೂರಿಗೋ ಹುಮನಾಬಾದಿಗೋ ಬಂದು ನೇಮಕ ಮಾಡುವ ಎಚ್‌ಆರ್‌ನವರು ‘ನಿಮ್ಮ ನಿರೀಕ್ಷೆ ಎಷ್ಟು’ ಎಂದು ಮತ್ತೆ ಮತ್ತೆ ಕೇಳುವುದು ಬಿಡಲಿ. ಈಗ ಕೈಗೆ ಎಷ್ಟು ಬರುತ್ತದೆ, ಹೋಗಿಬರಲು ಎಷ್ಟು ಖರ್ಚು ಎಂದು ಕೇಳಿದರೆ ಸಂಕೋಚವಿಲ್ಲದೆ ಉತ್ತರ ಬರುತ್ತದೆ. ‘ಮನ್ಯಾಗ ಕೇಳಿ ಹೇಳ್ತೀನ್ರಿ’ ಅಂದ ಅಭ್ಯರ್ಥಿಯನ್ನು ನಿರ್ಧಾರ ಮಾಡಲು ಬಾರದವರು ಎಂದು ಬರೆದುಕೊಳ್ಳುವುದು ಶುದ್ಧ ತಪ್ಪು. ಪಗಾರದಲ್ಲಿ ತಂಗಿಯ ಫೀಸು, ಅಪ್ಪನ ಸಾಲದ ಕಂತು ಎಲ್ಲ ಕೂತಿರುತ್ತವೆ. ಎರಡು ದಿನ ಕೊಡಿ, ದಿನದ ಹೆಸರು ಹೇಳಿ ಕೊಡಿ.

ಗುಂಪಿನೊಡನೆ ಮಾತು

ಸೇಡಂ, ವಾಡಿ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಗೇಟಿನ ಬಳಿ ಗುತ್ತಿಗೆ ಕಾರ್ಮಿಕರ ಮುಖಂಡರು ದನಿ ಎತ್ತಿದರೆ ಹೊಸ ಮ್ಯಾನೇಜರ್‌ಗೆ ಗಲಾಟೆ ಎನಿಸುತ್ತದೆ. ಆ ದನಿ ಮ್ಯಾನೇಜರ್‌ಗಾಗಿ ಅಲ್ಲ, ಹಿಂದೆ ನಿಂತ ಅರವತ್ತು ಮಂದಿಗೆ. ಅಲ್ಲಿ ದನಿಗೆ ದನಿ ಕೂಡಿಸಿದರೆ ಮುಖಂಡರಿಗೆ ಹಿಂದೆ ಸರಿಯುವ ಜಾಗವೇ ಉಳಿಯುವುದಿಲ್ಲ. ಪೂರ್ತಿ ಕೇಳಿಸಿಕೊಳ್ಳಿ, ಎಲ್ಲರಿಗೂ ಕಾಣುವಂತೆ ಬರೆದುಕೊಳ್ಳಿ. ಆಮೇಲೆ ಇಬ್ಬರನ್ನು ಒಳಗೆ ಕರೆದು ಚಹಾ ತರಿಸಿ. ಒಬ್ಬರನ್ನೇ ಕರೆಯಬಾರದು, ಒಂಟಿಯಾಗಿ ಒಳಗೆ ಹೋಗಿಬಂದವರ ಮೇಲೆ ಹೊರಗೆ ಅನುಮಾನ ಹುಟ್ಟುತ್ತದೆ, ಅವರು ತಂದ ಒಪ್ಪಂದವೂ ನಿಲ್ಲುವುದಿಲ್ಲ.

ಕೊಡುವುದರಲ್ಲಿ ಒಂದು ಸೂಕ್ಷ್ಮವಿದೆ. ಕಾನೂನಿನಂತೆ ಕೊಡಲೇಬೇಕಾದ ಕನಿಷ್ಠ 8.33 ಪರ್ಸೆಂಟ್ ಬೋನಸನ್ನು ‘ನಿಮಗೋಸ್ಕರ ಮಾಡಿಸಿದ್ದೇವೆ’ ಎಂದು ಮುಂದಿಟ್ಟರೆ ಕೆಲಸ ಕೆಡುತ್ತದೆ. ಅದು ಹಕ್ಕೆಂದು ಹೊರಗಿನ ಅರವತ್ತೂ ಮಂದಿಗೆ ಗೊತ್ತು. ತಮ್ಮನ್ನು ತಿಳಿಯದವರೆಂದು ಬಗೆದರು ಎನ್ನುವ ಕಹಿ ಉಳಿದು, ಮುಂದಿನ ಮಾತುಗಳನ್ನೂ ಅದು ಕೆಡಿಸುತ್ತದೆ. ಕಾನೂನಿನದನ್ನು ಕಾನೂನಿನದೆಂದೇ ಮೊದಲು ಹೇಳಿ ಬದಿಗಿಡಿ. ಅದರ ಮೇಲೆ ಮುಖಂಡರು ಹೊರಗೆ ಹೋಗಿ ‘ಇದನ್ನು ತಂದೆ’ ಎನ್ನಬಹುದಾದ ಒಂದನ್ನು ಕೊಡಿ: ಬೋನಸ್ ಇಂಥ ತಾರೀಖಿಗೇ ಬರುತ್ತದೆಂಬ ಬರಹ, ಇಲ್ಲವೇ ಬೇಸಿಗೆಯಲ್ಲಿ ಪಾಳಿ ಬೆಳಿಗ್ಗೆ ಬೇಗ ಶುರು. ಘೋಷಿಸುವುದನ್ನು ಅವರಿಗೇ ಬಿಡಿ. ನಡಾವಳಿಯನ್ನು ಕನ್ನಡದಲ್ಲೂ ಹಿಂದಿಯಲ್ಲೂ ಗಟ್ಟಿಯಾಗಿ ಓದಿದ ಮೇಲೇ ಸಹಿ.

ದಿನ ಗೊತ್ತುಮಾಡುವಾಗ

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಮೂರು ಗಂಟೆಗೆ ಬೆಂಗಳೂರಿನಿಂದ ಫೋನ್ ಮಾಡಿ ‘ಯಾರೂ ಎತ್ತಲ್ಲ’ ಎಂದು ದೂರುವವರಿಗೆ ಇದು ಗೊತ್ತಿರುವುದಿಲ್ಲ. ಎಳ್ಳಮಾವಾಸ್ಯೆಯ ದಿನ ಊರಿಗೆ ಊರೇ ಭಜ್ಜಿ, ಸಜ್ಜಿ ರೊಟ್ಟಿ ಕಟ್ಟಿಕೊಂಡು ಭೂತಾಯಿಗೆ ಚರಗ (ಎಡೆ) ಚೆಲ್ಲಲು ಹೊಲಕ್ಕೆ ಹೋಗಿರುತ್ತದೆ. ಆ ದಿನಕ್ಕೆ ಗಡುವು ಇಟ್ಟವರಿಗೆ ಉತ್ತರ ಸಿಗುವುದಿಲ್ಲ, ಹೊಲಕ್ಕೆ ಕರೆ ಬರಬಹುದು. ಕರೆದರೆ ಹೋಗಿ. ಅಲ್ಲಿ ರೇಟಿನ ಮಾತು ಮಾತ್ರ ತೆಗೆಯಬೇಡಿ.

ಮುಗಿಸುವ ಕ್ರಮ

ಮಾತು ಮುಗಿದ ಅದೇ ಸಂಜೆ ವಾಟ್ಸಾಪ್‌ನಲ್ಲಿ ನಾಲ್ಕು ಸಾಲು ಹಾಕಿ. ಈಮೇಲ್ ಬೇಕಿದ್ದರೆ ಮರುದಿನ ಹೋಗಲಿ. ಬರೀ ಈಮೇಲ್ ಬಂದರೆ ಇಲ್ಲಿಯ ಮಾಲೀಕರಿಗೆ ವಕೀಲರ ನೋಟಿಸ್ ಬಂದಂತೆ.

‘ನಮಸ್ಕಾರ್ರಿ. ಇವತ್ತು ಮಾತಾಡಿದ್ದು: ತೊಗರಿ ಬೇಳೆ 100 ಕ್ವಿಂಟಲ್, ರೇಟು 10,000. ಗಾಡಿ ಗುರುವಾರ ನಿಮ್ಮ ಕಡೆಯಿಂದ ಹೊರಡೋದು. ಮಾಲು ಇಳಿದ 30 ದಿನಕ್ಕ ದುಡ್ಡು ನಮ್ಮ ಕಡೆಯಿಂದ. ಏನಾದ್ರೂ ಹೆಚ್ಚುಕಮ್ಮಿ ಇದ್ದರ ತಿದ್ದಿ ಹಾಕ್ರಿ.’

‘ಒಪ್ಪಿಗೆ ಇದ್ದರ ತಿಳಿಸ್ರಿ’ ಎಂದು ಬರೆದರೆ ಒಪ್ಪದವರೂ ಮರ್ಯಾದೆಗೆ ಹೂಂ ಅಂದುಬಿಡುತ್ತಾರೆ. ‘ತಿದ್ದಿ ಹಾಕ್ರಿ’ ಅಂದಾಗ ಇಲ್ಲ ಎನ್ನುವ ಕಷ್ಟವಿಲ್ಲ, ಬರೀ ಒಂದು ಅಂಕಿ ಬದಲಿಸಿ ಕಳಿಸಿದರಾಯಿತು. ಇದಕ್ಕೆ ಹೆಬ್ಬೆರಳಿನ ಚಿತ್ರ ಮಾತ್ರ ಬಂದರೆ ನೋಡಿದ್ದಾರೆ ಎಂದಷ್ಟೇ ತಿಳಿಯಿರಿ. ಬುಧವಾರ ಮಧ್ಯಾಹ್ನದ ಹೊತ್ತಿಗೆ ಫೋನ್ ಮಾಡಿ ರೇಟಿನ ಸುದ್ದಿ ಎತ್ತದೆ ಗಾಡಿ ನಂಬರ್ ಮತ್ತು ಡ್ರೈವರ್ ಫೋನ್ ಕೇಳಿ. ನಂಬರ್ ಬಂತೋ, ವ್ಯವಹಾರ ಆದಂತೆ. ‘ಕಳಸ್ತೀನ್ ತಗೋರಿ’ ಅಂದರೋ, ರೇಟಿನ ಮಾತು ಇನ್ನೂ ಮುಗಿದಿಲ್ಲ. ಗುರುವಾರದವರೆಗೆ ಕಾಯದೆ ಆಗಲೇ ಆ ಎರಡು ದಾರಿಗಳನ್ನು ಮತ್ತೆ ಮುಂದಿಡಿ.